ಹನ್ನೊಂದು ಬಗೆಯಲ್ಲಿ ಬರೆದ ಹೆಸರು

ಇವತ್ತು ಬೆಳಗ್ಗೆ ಮಹಡಿ ರೂಮಿನ ಕಪಾಟು ಒರೆಸಲು ಹೋದರೆ ಒಣಗಿಸಿದ ಬೆಂಡೆಕಾಯಿ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಅಚೋಲ್ ರೂಮು ಖಾಲಿ ಮಾಡಿ ವರ್ಷವಾದರೂ ಅವಳ ಸಾರಿನ ಪುಡಿಯ ವಾಸನೆ ಹೋಗಿಲ್ಲ. ಒರೆಸುವುದನ್ನು ಬಿಟ್ಟು ಅಲ್ಲೇ ಶತಪಥ ಹಾಕತೊಡಗಿದೆ.

ಅವಳು ದಕ್ಷಿಣ ಸುಡಾನಿನ ಹುಡುಗಿ. ನರ್ಸಿಂಗ್ ಓದಲು ತುಮಕೂರಿಗೆ ಬಂದವಳು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದಳು. ಹೊಸತರಲ್ಲಿ ನಾನು, ನಿಮ್ಮ ಆಫ್ರಿಕಾದಲ್ಲಿ ಮಳೆ ಹೇಗೆ ಎಂದು ಕೇಳಿದ್ದೆ. ನಿಮಗೆ ನಗು ಬರಬಹುದು, ಅವಳು ನಗಲಿಲ್ಲ. ಅಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿವೆ ಅಂಕಲ್, ಯಾವುದರ ಮಳೆ ಎಂದಳು. ಹುತ್ರಿದುರ್ಗದ ಕಡೆಯವಳಾದ ನಮ್ಮಮ್ಮ ಇಂಥ ಪ್ರಶ್ನೆಗಳಿಗೇ ಹೋಗಲಿಲ್ಲ. ಮುದ್ದೆ ತಿರುವುವುದನ್ನು ಕಲಿಸಲು ಕೂತಳು. ಅವರ ಕಡೆ ಅದನ್ನೇ ಜೋಳದ ಹಿಟ್ಟಿನಲ್ಲಿ ಮಾಡುತ್ತಾರಂತೆ. ಆ ಒಲೆಯ ಮುಂದೆಯೇ ಅಚೋಲ್ ಕನ್ನಡ ಕಲಿತಳು.

ಎರಡನೇ ವರ್ಷ ಅವಳ ಊರಿನಲ್ಲಿ ಕಾಳಗ ಶುರುವಾಯಿತು. ತಾಯಿ ಮತ್ತು ತಮ್ಮ ದೇಶದೊಳಗಿನ ಒಂದು ಶಿಬಿರ ಸೇರಿದರು. ಗುಂಡು ಅಲ್ಲಿಗೂ ಬಂತು. ಆಮೇಲೆ ಫೋನಿಲ್ಲ. ಗಡಿ ದಾಟದೆ ದೇಶದೊಳಗೇ ಓಡಿದವರು ಒಂದು ಪಟ್ಟಿಯಲ್ಲಿರುತ್ತಾರೆ, ದಾಟಿದವರು ಪಕ್ಕದ ದೇಶದ ನಿರಾಶ್ರಿತರ ಪಟ್ಟಿಯಲ್ಲಿರುತ್ತಾರೆ ಎಂದು ಅಚೋಲ್ ಬಿಡಿಸಿ ಹೇಳಿದಳು. ತಮ್ಮ ಜೊತೆಗೇ ಇರುತ್ತಾನೆಂದು ಅವಳು ಹುಡುಕಿದ್ದು ತಾಯಿಯ ಹೆಸರನ್ನು. ಅದು ಎರಡರಲ್ಲೂ ಸಿಗುತ್ತಿರಲಿಲ್ಲ.

"ಗೆರೆ ದಾಟ್‌ಬುಟ್ರೆ ಅವ್ವ ಬೇರೆಯವ್ಳಾಗೋಯ್ತಾಳಾ?" ಎಂದಳು ಅಮ್ಮ.

ನಾನು ಕುಣಿಗಲ್ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಧೂಳು ಕುಡಿದವನು. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಒಬ್ಬನೇ ರೈತ ಪಹಣಿಯಲ್ಲಿ ರಂಗಪ್ಪ, ರಂಗಯ್ಯ, ರಂಗಣ್ಣ ಮೂರೂ ಆಗಿದ್ದನ್ನು ಕಂಡಿದ್ದೆ. ನಿನ್ನ ತಾಯಿಯ ಹೆಸರನ್ನು ಎಷ್ಟು ಬಗೆಯಲ್ಲಿ ತಪ್ಪಾಗಿ ಬರೆಯಬಹುದೋ ಅಷ್ಟನ್ನೂ ಬರೆಯೋಣ ಎಂದೆ. ನ್ಯಾಂದೆಂಗ್ ಎಂಬ ಹೆಸರನ್ನು ಹನ್ನೊಂದು ಬಗೆಯಲ್ಲಿ ಬರೆದು, ಕಾಣೆಯಾದವರನ್ನು ಹುಡುಕುವ ಒಂದು ಸಂಸ್ಥೆಗೆ ನನ್ನ ಮೇಲ್‌ನಿಂದಲೇ ಕಳಿಸಿದೆವು. ಅಕ್ಕಪಕ್ಕದ ದೇಶಗಳು ಪಟ್ಟಿಗಳನ್ನು ಜೋಡಿಸಿ ನೋಡಲು ಒಪ್ಪಿವೆ, ಕಾಯಿರಿ ಎಂದು ಉತ್ತರ ಬಂತು.

ಐದು ತಿಂಗಳು ಕಾದೆವು. ಗಂಟೆಗೊಮ್ಮೆ ಫೋನ್ ತೆಗೆದು ನೋಡುವ ಚಟ ನನಗೆ ಅಂಟಿದ್ದು ಆಗಲೇ. ಗುಬ್ಬಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ಮೇಲ್ ಬಂತು: ಏಳನೇ ಬಗೆಯ ಹೆಸರಿನಲ್ಲಿ ತಾಯಿ ಉಗಾಂಡದ ಶಿಬಿರದಲ್ಲಿದ್ದರು. ಎಲೆ ಬಿಟ್ಟೆದ್ದು ಮನೆಗೆ ಬಸ್ ಹತ್ತಿದೆ.

ಅವತ್ತು ಸಂಜೆ ಅಚೋಲ್ ನಮ್ಮ ನಡುಮನೆಯಲ್ಲಿ ಕೂತು ತಾಯಿಯೊಡನೆ ಮಾತಾಡಿದಳು. ಒಂದು ಪದವೂ ತಿಳಿಯದ ಅಮ್ಮ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಫೋನಿಟ್ಟು ಅಚೋಲ್ ನಮ್ಮಮ್ಮನ ಕಡೆ ತಿರುಗಿದಳು.

"ತಮ್ಮ ಜೊತೇಲಿಲ್ಲ ಅಜ್ಜಿ. ಗಡೀಲಿ ಜನ ನುಗ್ದಾಗ ಕೈ ಬಿಟ್ಟೋಯ್ತಂತೆ."

ಓದು ಮುಗಿಸಿ ಅವಳು ಆ ಶಿಬಿರಕ್ಕೇ ನರ್ಸಾಗಿ ಹೋದಳು. ತಮ್ಮ ಇನ್ನೂ ಸಿಕ್ಕಿಲ್ಲ. ಇವತ್ತು ಮಧ್ಯಾಹ್ನ ಮನಸ್ಸು ತಡೆಯದೆ ಫೋನ್ ಮಾಡಿದೆ. ಹೊಸದಾಗಿ ಗಡಿ ದಾಟಿ ಬರುವವರ ಹೆಸರು ಬರೆಯುವ ಮೇಜು ತನ್ನ ಪಕ್ಕದಲ್ಲೇ ಇದೆ ಎಂದಳು.

"ಬರ್ಯೋರ್ಗೆ ಹೇಳ್ಕೊಟ್ಟಿದೀನಿ ಅಂಕಲ್. ಹೆಸ್ರು ಬರ್ದಾದ್ಮೇಲೆ ಜೋರಾಗಿ ಓದಿ, ಸರಿನಾ ಅಂತ ಬಂದೋರ್ನೇ ಕೇಳಿ ಅಂತ."

ಸರಿ ಕಣಮ್ಮ ಎಂದೆ. ಕುಣಿಗಲ್‌ನಲ್ಲಿ ನನ್ನ ಕಿಟಕಿಯಾಚೆ ಎಷ್ಟೋ ಜನ ಪಹಣಿಗಾಗಿ ಬಸ್ಸಿಳಿದು ಬಂದು ನಿಲ್ಲುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರಿಗೂ ನಾನು ಅವರ ಹೆಸರನ್ನು ಓದಿ ಹೇಳಿರಲಿಲ್ಲ.