ಗೋಡೆಯ ಮೇಲಿನ ಮುಖ

ಆ ಬೆಳಿಗ್ಗೆ ನಾನು ಸಿಂದಗಿಯ ಹೈಸ್ಕೂಲಿನಲ್ಲಿ ಎರಡನೇ ಪಿರಿಯಡ್ ಮುಗಿಸಿ ಬಂದು ಕುಳಿತಿದ್ದೆ. ಮುದ್ದೇಬಿಹಾಳದಿಂದ ಚಿಗವ್ವನ ಮಗಳ ಫೋನು ಬಂತು. ಎತ್ತಿದ ಕೂಡಲೇ ಅಳು ಕೇಳಿಸಿತು.

"ಅಕ್ಕಾ, ಯಾವಾಗ ಆತು? ನಮಗ ಒಂದ್ ಮಾತು ಹೇಳಬಾರದೇನ?"

ಏನು ಆಯಿತೆಂದು ನಾನೇ ಕೇಳಿದೆ. ಅವಳ ಅಳು ಇನ್ನೂ ಹೆಚ್ಚಾಯಿತು. ದೊಡ್ಡವ್ವ ಹೋದ ಸುದ್ದಿಯನ್ನು ಮಂದಿಯ ಮೊಬೈಲಿನಲ್ಲಿ ನೋಡಿ ತಿಳಿಯಬೇಕಾಯಿತಲ್ಲ ಎಂದಳು. ಅವಳ ದೊಡ್ಡವ್ವ ಎಂದರೆ ನನ್ನ ಅವ್ವ. ಆರು ಗಂಟೆಗೆ ನನ್ನ ಡಬ್ಬಿಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿಕೊಟ್ಟವಳು ಅವ್ವನೇ. ಆದರೂ ನಾನು ಬಸ್ ಹತ್ತಿದ ಮೇಲೆ ಏನಾದರೂ ಆಗಿ, ನನಗಿಂತ ಮೊದಲು ಮುದ್ದೇಬಿಹಾಳಕ್ಕೆ ಸುದ್ದಿ ಹೋಯಿತೇ? ಅವ್ವನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮಗ್ಗುಲ ಮನೆಯವರಿಗೆ ಹಚ್ಚಿದೆ. ಅವರು ಒಳಗೆ ಹೋಗಿ ನೋಡಿ, ಅವ್ವ ಹಿತ್ತಲಲ್ಲಿ ಅರಿವೆ ಹಿಂಡುತ್ತಿದ್ದಾಳೆಂದು ಹೇಳಿದರು. ಆಗ ಉಸಿರು ಬಂತು.

ಅಷ್ಟರಲ್ಲಿ ಮುದ್ದೇಬಿಹಾಳದ ತಂಗಿ ತಾನು ನೋಡಿದ ಚಿತ್ರ ಕಳಿಸಿದಳು. ನಮ್ಮ ಇಂಡಿ ಊರಿನ ಬಸ್ ನಿಲ್ದಾಣದ ರಸ್ತೆಯಲ್ಲಿರುವ ಹಳೆಯ ಗೋದಾಮಿನ ಗೋಡೆ. ಗೋಡೆಯ ತುಂಬ ಅವ್ವನ ಮುಖ. ಸೆರಗು ಹುಬ್ಬಿನ ತನಕ ಇಳಿದಿದೆ, ಎರಡೂ ಅಂಗೈ ತುಂಬ ಹಳದಿ ಲಿಂಬೆಹಣ್ಣು. ಯಾರೋ ಅದರ ಫೋಟೋ ತೆಗೆದು, ಕೆಳಗೆ ಮುಗಿದ ಕೈಗಳ ಗುರುತು ಹಾಕಿ ವಾಟ್ಸಾಪ್ ಗುಂಪಿನಲ್ಲಿ ಬಿಟ್ಟಿದ್ದರು. ಮೆಚ್ಚಿ ಮುಗಿದ ಕೈಯೋ ಏನೋ. ಆದರೆ ನಮ್ಮ ಕಡೆ ಅಷ್ಟು ದೊಡ್ಡ ಮುಖ ರಸ್ತೆಗೆ ಬರುವುದು ಎಲೆಕ್ಷನ್‌ಗೆ, ಲೀಡರನ ಹುಟ್ಟುಹಬ್ಬಕ್ಕೆ, ಇಲ್ಲವೇ ಸತ್ತಾಗ. ಅವ್ವ ಎಲೆಕ್ಷನ್‌ಗೆ ನಿಂತವಳಲ್ಲ. ತಂಗಿಯ ತಪ್ಪೇನೂ ಇರಲಿಲ್ಲ.

ಆ ಗೋಡೆಗೆ ಹಲವು ದಿನಗಳಿಂದ ಹಸಿರು ಜಾಳಿಗೆಯ ಪರದೆ ಕಟ್ಟಿದ್ದರು. ಗೋದಾಮಿನ ರಿಪೇರಿ ಇರಬೇಕೆಂದುಕೊಂಡು ನಾನು ದಿನಾ ಅದರ ಮುಂದೆಯೇ ಹಾಯ್ದು ಬಸ್ಸಿಗೆ ಹೋಗಿದ್ದೆ. ಆ ಬೆಳಿಗ್ಗೆ ನಾನು ಬಸ್ ಹತ್ತಿದ ಮೇಲೆ ಪರದೆ ತೆಗೆದಿರಬೇಕು. ಹೊರಗಿನಿಂದ ಬಂದ ಚಿತ್ರ ಬರೆಯುವ ಹುಡುಗ ಹುಡುಗಿಯರು ಊರೂರ ಗೋಡೆಗಳನ್ನು ಹಿಡಿದಿದ್ದಾರೆ, ಬಸವನ ಬಾಗೇವಾಡಿಯಲ್ಲಿ ಎತ್ತು ಬರೆದಿದ್ದಾರೆ, ಎತ್ತಿನ ಕೋಡು ಚಿಕ್ಕದಾಯಿತೆಂದು ರೈತರು ತಕರಾರು ತೆಗೆದು ಉದ್ದ ಮಾಡಿಸಿದ್ದಾರೆ ಎಂದೆಲ್ಲ ಬಸ್ಸಿನಲ್ಲಿ ಕೇಳಿದ್ದೆ. ಅದು ನಮ್ಮ ಊರಿಗೂ ಬರುತ್ತದೆ, ಬಂದು ನಮ್ಮ ಮನೆಯವರನ್ನೇ ಹಿಡಿಯುತ್ತದೆ ಎಂದು ಹೊಳೆದಿರಲಿಲ್ಲ.

ಸಂಜೆ ಅವ್ವನನ್ನು ಕರೆದುಕೊಂಡು ಹೋದೆ. ಗೋಡೆಯ ಮುಂದೆ ಮಂದಿ ನಿಂತಿದ್ದರು. ಅವ್ವ ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಅವಳು ಹಿಗ್ಗುತ್ತಾಳೋ ಸಿಟ್ಟಾಗುತ್ತಾಳೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಇದು ನಾ ಅಲ್ಲ," ಎಂದಳು.

ನನಗೆ ನಂಬಲಾಗಲಿಲ್ಲ. ಅದೇ ಗಲ್ಲ, ಅದೇ ಕಣ್ಣಿನ ಕೆಳಗಿನ ಗೆರೆ. ಮೇಲಾಗಿ ಲಿಂಬೆಹಣ್ಣು. ನಮ್ಮ ತೋಟದ ಲಿಂಬೆಯನ್ನು ಅವ್ವ ವರ್ಷಗಟ್ಟಲೆ ಸಂತೆಯಲ್ಲಿ ಕುಳಿತು ಮಾರಿದ್ದಾಳೆ. ನನಗೆ ನೌಕರಿ ಬಂದ ಮೇಲೂ ಬಿಟ್ಟಿರಲಿಲ್ಲ. ಮೊಣಕಾಲು ನೋವು ಹೆಚ್ಚಾದ ಮೇಲೆಯೇ ಮನೆ ಹಿಡಿದದ್ದು. ಅದನ್ನೆಲ್ಲ ಹೇಳಿದೆ.

"ನಾ ಯಾವಾಗ ಅಷ್ಟ ಕೆಳಗ ಸೆರಗ ಎಳದೇನಿ? ವಿಭೂತಿ ಮುಚ್ಚತೈತಿ," ಎಂದಳು ಅವ್ವ.

ನಮ್ಮ ಪಕ್ಕದಲ್ಲಿ ಒಬ್ಬರು ನಿಂತಿದ್ದರು. ಗೋಡೆಯ ಎದುರಿನ ಹಾರ್ಡ್‌ವೇರ್ ಅಂಗಡಿಯವರು. ಮನೆಗೆ ನಳ ಬೇಕಾದಾಗ ನಾನು ಹೋಗುವುದು ಅವರಲ್ಲಿಗೇ. ಅವ್ವನ ಮಾತು ಕೇಳಿಸಿಕೊಂಡು ಅವರು ಹತ್ತಿರ ಬಂದರು. ಹೇಳಲೋ ಬೇಡವೋ ಎನ್ನುವಂತೆ ಮೆಲ್ಲಗೆ ಹೇಳಿದರು: "ಟೀಚರ, ತಪ್ಪ ತಿಳೀಬ್ಯಾಡ್ರಿ. ಇದು ನಮ್ಮ ಅಮ್ಮಿ."

ಅವರ ತಾಯಿಯೂ ಲಿಂಬೆ ಮಾರುತ್ತಿದ್ದವರು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಅವರ ಒಂದು ಫೋಟೋ ಕೂಡ ಇಲ್ಲವಂತೆ. ಮನುಷ್ಯರ ಚಿತ್ರ ಮನೆಯಲ್ಲಿಡುವುದು ತಮ್ಮ ಧರ್ಮಕ್ಕೆ ಸಲ್ಲದೆಂದು ಅವರ ಅಣ್ಣ ಹೇಳುತ್ತ ಬಂದಿದ್ದರಂತೆ. ರೇಷನ್ ಕಾರ್ಡಿನಲ್ಲಿದ್ದ ಚಿಕ್ಕ ಚಿತ್ರವೂ ಮಾಸಿಹೋಗಿತ್ತಂತೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ತಿರುಗಿ ನೋಡಿದರೆ ಎದುರಿಗೆ ತಾಯಿ. ನೋಡುವುದು ಸರಿಯೋ ತಪ್ಪೋ ತಿಳಿಯದೆ ದಿನವಿಡೀ ಒಳಗೆ ಹೊರಗೆ ಓಡಾಡಿದ್ದರು.

"ಮನ್ಯಾಗ ಚಿತ್ರ ಬ್ಯಾಡ ಅಂತಾರ ಅಣ್ಣಾರು," ಎಂದರು. "ಇದು ಮನಿ ಅಲ್ಲಲ್ರಿ. ಗೋಡಿ."

ನನಗೆ ಕಾಣುವುದು ನನ್ನ ಅವ್ವ, ಅವರಿಗೆ ಕಾಣುವುದು ಅವರ ಅಮ್ಮಿ. ಅವ್ವನಿಗೆ ಮಾತ್ರ ತಾನು ಕಾಣುತ್ತಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಬೇಸರವಾಯಿತು. ಅಷ್ಟು ದೊಡ್ಡ ಗೋಡೆಯ ಮೇಲೆ ಅವ್ವ ಬಂದಳೆಂಬ ಹೆಮ್ಮೆ ಒಂದು ಸಂಜೆಯೂ ಉಳಿಯಲಿಲ್ಲವಲ್ಲ ಎನ್ನಿಸಿತು.

ಮರುದಿನ ರವಿವಾರ. ಬೆಳಿಗ್ಗೆ ಅವ್ವ ಚಹಾಕ್ಕೆ ಇಟ್ಟಿದ್ದಳು. ಬಾಗಿಲು ಬಡಿದ ಸದ್ದಾಯಿತು, ಅವಳೇ ಹೋಗಿ ತೆರೆದಳು. ಹೊರಗೆ ಬಸವನ ಬಾಗೇವಾಡಿಯ ನನ್ನ ಸೋದರಮಾವ ನಿಂತಿದ್ದ, ಹಿಂದೆ ಅತ್ತೆ. ಮಾವ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಅವನ ಮಗಳ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಯಾರೋ ಏನೋ ಅಂದರೆಂದು ಅವ್ವ ಉಣ್ಣದೆ ಎದ್ದು ಬಂದಿದ್ದಳು. ಆಮೇಲೆ ಅವನು ನಮ್ಮ ಹೊಸ್ತಿಲು ತುಳಿದಿರಲಿಲ್ಲ, ಇವಳೂ ತವರಿಗೆ ಹೋಗಿರಲಿಲ್ಲ. ಅವನ ನಂಬರು ಬದಲಾದದ್ದು ನಮಗೆ ಗೊತ್ತಿರಲಿಲ್ಲ. ಸುದ್ದಿ ಸುಳ್ಳೆಂದು ಉಳಿದ ನೆಂಟರಿಗೆಲ್ಲ ತಿಳಿಸಿದ್ದೆವು, ಅವನಿಗೆ ಮುಟ್ಟಿರಲಿಲ್ಲ. ಅಕ್ಕನಿಗೆ ಮಣ್ಣು ಕೊಡುವುದಂತೂ ತಪ್ಪಿತು, ಮನೆಗಾದರೂ ಹೋಗಿ ಬರೋಣವೆಂದು ಮೊದಲ ಬಸ್ಸಿಗೇ ಹೊರಟು ಬಂದಿದ್ದ.

ಅವ್ವನನ್ನು ನೋಡಿ ಅವನು ಕಟ್ಟೆಯ ಮೇಲೆ ಕುಸಿದು ಕುಳಿತ. ಅತ್ತೆ ಅವ್ವನ ತೋಳನ್ನು ಮುಟ್ಟಿ ಮುಟ್ಟಿ ನೋಡಿದಳು. ಅವ್ವನಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಳಗೆ ಕರೆಯುವಷ್ಟು ಸಿಟ್ಟು ಇಳಿದಿರಲಿಲ್ಲ. ಹೊರಗೆ ನಿಲ್ಲಿಸುವುದೂ ಆಗಲಿಲ್ಲ. ಕೊನೆಗೆ ಹೇಳಿದಳು:

"ನಾ ಸತ್ತೇನಂತ ಬಂದೀಯಲ್ಲೋ ತಮ್ಮಾ. ಇದ್ದಾಗ ಬರಬಾರದಂತ ಯಾರ ಹೇಳಿದ್ರು ನಿನಗ?"

ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವ್ವ ಒಳಗೆ ಹೋಗಿ ಪಾತ್ರೆಗೆ ಇನ್ನಷ್ಟು ನೀರು ಸುರಿದಳು. ಮಧ್ಯಾಹ್ನದ ತನಕ ಅವರು ಮಾತಾಡಿದ್ದು ಮದುವೆಯ ಪಂಕ್ತಿಯದಲ್ಲ, ಸತ್ತುಹೋದ ಒಂದು ಎಮ್ಮೆಯದು, ತವರಿನ ಬಾವಿಯದು. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಮಾವ ಬಂದದ್ದಕ್ಕೆ ಖುಷಿಪಡಲೋ, ಅದಕ್ಕೆ ಸಾವಿನ ಸುದ್ದಿಯೇ ಬೇಕಾಯಿತೆಂದು ಬೇಸರಪಡಲೋ ಎಂದು ನಾನು ರೊಟ್ಟಿ ಬಡಿಯುತ್ತ ಯೋಚಿಸಿದೆ.

ಮಾವ ಬಸ್ಸಿಗೆ ಹೊರಟಾಗ ಎಲ್ಲರೂ ಗೋಡೆಯ ಕಡೆ ಹೋದೆವು. ಚಿತ್ರ ಬರೆದ ಹುಡುಗಿ ಅಲ್ಲೇ ಇದ್ದಳು, ಗೋಡೆಯ ಕೆಳಗಿನ ಅಂಚಿಗೆ ಎಲೆಗಳನ್ನು ಬರೆಯುತ್ತಿದ್ದಳು. ಹಾರ್ಡ್‌ವೇರ್ ಅಂಗಡಿಯವರೂ ಬಂದರು. ಇದು ಯಾರು ಎಂದು ನಾನೇ ಕೇಳಿದೆ. ಅವಳು ಗಾಬರಿಯಾದಳು.

"ಇಂಥವರದ್ದೇ ಅಂತ ಬರೆದಿಲ್ಲ ಮೇಡಂ," ಎಂದಳು.

ಹಿಂದೊಮ್ಮೆ ಈ ಊರಿನ ಸಂತೆಗೆ ಬಂದಾಗ ಫೋಟೋ ತೆಗೆದಿದ್ದಳಂತೆ. ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಎದುರು ಬಿಸಿಲಿಗೆ ತೆಗೆದದ್ದು, ಮುಖಗಳು ಅರ್ಧ ಕಪ್ಪಾಗಿದ್ದವು. ಲಿಂಬೆಹಣ್ಣಿನ ಗುಡ್ಡೆಗಳ ಹಿಂದೆ ಇಬ್ಬರು ಹೆಂಗಸರು ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಒಬ್ಬಳು ಅವ್ವ. ಇನ್ನೊಬ್ಬಳು ಅಂಗಡಿಯವರ ಅಮ್ಮಿಯೆಂದು ಅವ್ವ ಬೆರಳಿಟ್ಟು ತೋರಿಸಿದಳು. ಅಂಗಡಿಯವರು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಮರಳಿ ಕೊಡಲು ಬಹಳ ಹೊತ್ತು ಹಿಡಿಯಿತು.

ಇಬ್ಬರಲ್ಲಿ ಯಾರನ್ನು ನೋಡಿ ಬರೆದೆ ಎಂದರೆ ಹುಡುಗಿಗೆ ಹೇಳಲಾಗಲಿಲ್ಲ. ಕಣ್ಣು ಒಬ್ಬರದು, ಸೆರಗು ಇನ್ನೊಬ್ಬರದು ಇರಬಹುದು, ಉಳಿದದ್ದು ತನ್ನ ಮನಸ್ಸಿನದು ಎಂದಳು. ತಪ್ಪಾಗಿದ್ದರೆ ತಿದ್ದುತ್ತೇನೆ, ಯಾರ ಹಾಗೆ ಮಾಡಲಿ ಹೇಳಿ ಎಂದು ಕೇಳಿದಳು. ನಾನು ಅಂಗಡಿಯವರನ್ನು ನೋಡಿದೆ, ಅವರು ನನ್ನನ್ನು ನೋಡಿದರು.

ಅವ್ವ ಹೇಳಿದಳು: "ಏನೂ ತಿದ್ದಬ್ಯಾಡವ್ವಾ. ಆಕಿದು ಅಂತ ತಿಳಕೊಳ್ರಿ ಎಲ್ಲಾರೂ. ನಾ ಇನ್ನೂ ಜೀವಂತ ಅದೇನಿ, ನನ್ನ ನೋಡಬೇಕಂದ್ರ ಮನಿಗಿ ಬರ್ತಾರ."

ತಾನು ಮೊಣಕಾಲು ನೋವಿನಿಂದ ಸಂತೆ ಬಿಟ್ಟ ಮೇಲೆ, ಪಕ್ಕದಲ್ಲಿ ಕೂರುತ್ತಿದ್ದ ಆ ಗೆಳತಿ ಒಂದು ಸಲ ಮನೆಗೆ ಬಂದಿದ್ದಳೆಂದೂ, ಅವಳು ತೀರಿಕೊಂಡದ್ದು ತನಗೆ ಬಹಳ ತಡವಾಗಿ ತಿಳಿಯಿತೆಂದೂ ಅವ್ವ ಅಂಗಡಿಯವರಿಗೆ ಹೇಳಿದಳು. ಅವರು ಚಹಾ ತರಿಸಿದರು. ಮಾವ ಬಸ್ಸು ತಪ್ಪಿಸಿಕೊಂಡ.

ಹುಡುಗಿ ತೆಗೆದ ಆ ಫೋಟೋವನ್ನು ನಾನೂ ಅಂಗಡಿಯವರೂ ನಮ್ಮ ನಮ್ಮ ಮೊಬೈಲಿಗೆ ಹಾಕಿಸಿಕೊಂಡೆವು. ಅಂಗಡಿಯವರ ಅಣ್ಣ ಆ ಗೋಡೆಯ ಬಗ್ಗೆ ಏನೂ ಅನ್ನಲಿಲ್ಲವಂತೆ. ಆದರೆ ಈಗೀಗ ಅಂಗಡಿಗೆ ಬಂದಾಗ ರಸ್ತೆಯ ಕಡೆ ಮುಖ ಮಾಡಿ ಕೂರುತ್ತಾರಂತೆ. ಚಿತ್ರ ಬರೆಯುವ ತಂಡ ಮುದ್ದೇಬಿಹಾಳಕ್ಕೆ ಹೋಯಿತು. ಅಲ್ಲಿ ಯಾರನ್ನು ಬರೆದರೂ ಮೊದಲು ಅವರು ಬದುಕಿದ್ದಾರೋ ಇಲ್ಲವೋ ವಿಚಾರಿಸು ಎಂದು ತಂಗಿಗೆ ಹೇಳಿದ್ದೇನೆ.

ನಾನು ಈಗಲೂ ದಿನಾ ಆ ಗೋಡೆಯ ಮುಂದೆಯೇ ಬಸ್ಸಿಗೆ ನಡೆಯುತ್ತೇನೆ. ಒಂದು ದಿನ ಅದು ಖಂಡಿತ ಅವ್ವ, ಇನ್ನೊಂದು ದಿನ ಖಂಡಿತ ಅಲ್ಲ. ಅವ್ವನ ಮೂಗು ಹೇಗಿದೆಯೆಂದು ಬಸ್ಸಿನಲ್ಲಿ ಕಣ್ಣು ಮುಚ್ಚಿ ನೆನೆದರೆ ನೆನಪಿಗೆ ಬರುವುದಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಏನು ನೋಡಿದೆ? ಸಂಜೆ ಮನೆಗೆ ಹೋದಾಗ ಅವ್ವ ಅಕ್ಕಿ ಆರಿಸುತ್ತ ಕುಳಿತಿದ್ದರೆ ಎದುರಿಗೆ ಕುಳಿತು ಅವಳ ಮುಖ ನೋಡುತ್ತೇನೆ.

"ಏನ ನೋಡಾಕತ್ತೀ?" ಎನ್ನುತ್ತಾಳೆ.

ಏನೂ ಇಲ್ಲ ಎನ್ನುತ್ತೇನೆ. ಅವಳು ಮೊರವನ್ನು ನನ್ನ ಕಡೆ ತಳ್ಳಿ, ನಿನ್ನ ಕಣ್ಣು ಚಲೋ ಅದಾವ, ಕಲ್ಲು ನೀನ ಆರಿಸು ಎನ್ನುತ್ತಾಳೆ.