ತಲೆಯಾಡಿಸುವ ಯಜಮಾನ

ಮಸುಯೆ ಅಕ್ಕನ ಬಲಗೈ ಹೆಬ್ಬೆರಳು ನೋಡಿದರೆ ಸಾಕು, ಅವಳ ಜಾತಕವೆಲ್ಲ ಗೊತ್ತಾಗುತ್ತದೆ. ಒಂದು ಪಕ್ಕ ಚಪ್ಪಟೆಯಾಗಿದೆ. ಮೂವತ್ತೊಂದು ವರ್ಷ ಅರೆ ಒಣಗಿದ ಹಸಿ ಹೆಂಚಿನ ಮೇಲೆ ಉಕ್ಕಿನ ಪಟ್ಟಿ ಒತ್ತಿ ಎಳೆದ ಬೆರಳು ಅದು. ನಮ್ಮ ಅವಾಜಿ ದ್ವೀಪದ ಹೆಂಚು ಬೆಳ್ಳಿಯ ಹಾಗೆ ಮಿಂಚುತ್ತದೆ ಅಂತ ಹೊರಗಿನವರು ಫೋಟೋ ತೆಗೆಯುತ್ತಾರಲ್ಲ, ಆ ಮಿಂಚು ಬೆಂಕಿಯದ್ದು ಅಂತ ಗಂಡಸರು ಹೇಳಿಕೊಳ್ಳುತ್ತಾರೆ. ಸುಳ್ಳು. ಗೂಡಿಗೆ ಹೋಗುವ ಮುಂಚೆ ಹೆಂಗಸರು ತಿಕ್ಕಿ ನುಣುಪು ಮಾಡದಿದ್ದರೆ ಯಾವ ಬೆಂಕಿಯೂ ಏನೂ ಕಿಸಿಯುವುದಿಲ್ಲ. ಅವಳ ಪಕ್ಕದ ಮಣೆಯಲ್ಲಿ ಕೂತು ಇಪ್ಪತ್ತು ವರ್ಷ ತಿಕ್ಕಿದವಳು ನಾನು, ಚಿಜುರು. ಈ ಮಾತು ಹೇಳಲು ನನಗೆ ಯಾರ ಅಪ್ಪಣೆಯೂ ಬೇಡ.

ಅವಳ ಗಂಡ ತಮೊತ್ಸು ನಾವಿದ್ದ ಹೆಂಚಿನ ಕಾರ್ಖಾನೆಯಲ್ಲೇ ಗೂಡಿನ ಮೇಸ್ತ್ರಿಯಾಗಿದ್ದ. ಒಳ್ಳೆಯ ಕೆಲಸಗಾರ. ಕುಡಿದರೂ ಮಿತಿ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆದರೆ ಬಾಯಿ ತೆರೆದರೆ ಒಂದೇ ಮಾತು: "ನಿಂಗೇನ್ ಗೊತ್ತು, ಸುಮ್ನಿರು." ಮೀನಿಗೆ ಉಪ್ಪು ಜಾಸ್ತಿಯಾಯಿತು ಅಂದರೂ ಅದೇ, ಗೂಡು ಇನ್ನೂ ಬಿಸಿಯಿದೆ ಅಂದರೂ ಅದೇ.

ಅವರು ಈಗಿರುವ ಮನೆ ಕಟ್ಟಿ ಮೂವತ್ತೆಂಟು ವರ್ಷವಾಯಿತು. ಛಾವಣಿಯ ನೆತ್ತಿಗೆ ಸುಣ್ಣದ ಗಾರೆ ಹಾಕಿದ ದಿನ ನಾನೂ ಅಲ್ಲಿದ್ದೆ. ಫೆಬ್ರವರಿ ತಿಂಗಳು, ಹಿತ್ತಲ ಬಕೆಟ್ಟಿನ ನೀರು ಹೆಪ್ಪುಗಟ್ಟಿತ್ತು. ನಮ್ಮಲ್ಲಿ ಮನೆ ಕೆಲಸಕ್ಕೆ ಬಂದವರಿಗೆ ಬೆಳಿಗ್ಗೆ ಹತ್ತಕ್ಕೊಂದು ಸಲ, ಮಧ್ಯಾಹ್ನ ಮೂರಕ್ಕೊಂದು ಸಲ ಚಹಾ ಕೊಡಬೇಕು, ಅದು ಮನೆ ಹೆಂಗಸಿನ ಮಾನ. ಹತ್ತು ಗಂಟೆಯ ಚಹಾ ಹಿಡಿದುಕೊಂಡು ಏಣಿಯ ಕೆಳಗೆ ನಿಂತ ಮಸುಯೆ ಅಕ್ಕ, "ಬಡಗಣ ಕಡೆ ಇವತ್ತು ಗಾರೆ ಹಾಕ್ಬೇಡಿ. ಈ ಚಳಿಗೆ ಹಿಡಿಯಲ್ಲ, ಮುಂದೆ ಬಿಟ್ಕೊಳುತ್ತೆ" ಅಂದಳು. ಮೇಲಿದ್ದ ಹೆಂಚಿನವನು ನಕ್ಕ. ತಮೊತ್ಸು ಅವನಿಗಿಂತ ಜೋರಾಗಿ ನಕ್ಕ. "ನಿಂಗೇನ್ ಗೊತ್ತು, ಸುಮ್ನಿರು. ಚಹಾ ಆರ್ತಾ ಇದೆ." ಅವಳು ಲೋಟಗಳನ್ನು ಮೇಲೆ ಚಾಚಿದಳು.

ಎರಡು ವರ್ಷದ ಹಿಂದೆ ತಮೊತ್ಸುಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ, ತಲೆಯಾಡಿಸುವುದು. ಏನು ಕೇಳಿದರೂ ಹೂಂ ಅನ್ನುವ ಹಾಗೆ ತಲೆ ಕೆಳಗೆ ಮೇಲೆ ಆಡುತ್ತದೆ. ಊಟ ಬೇಕಾ? ಹೂಂ. ಬೇಡವಾ? ಅದಕ್ಕೂ ಹೂಂ. ಥೇಟ್ ಕೋಲೆಬಸವ. ಡಾಕ್ಟರು, "ಅದಕ್ಕೆ ಅರ್ಥ ಹುಡುಕ್ಬೇಡಿ, ಅವರಿಗೆ ಏನೂ ತಿಳೀತಿಲ್ಲ" ಅಂದುಬಿಟ್ಟರು. ಅವಳು ಚಮಚದಲ್ಲಿ ಗಂಜಿ ತಿನ್ನಿಸುತ್ತಾ, ಮಗ್ಗುಲು ಹೊರಳಿಸುತ್ತಾ, ಎಪ್ಪತ್ತೊಂದನೇ ವಯಸ್ಸಿಗೆ ಬಂದಳು.

ಕಳೆದ ಸೆಪ್ಟೆಂಬರಿನ ಚಂಡಮಾರುತ ಆದಮೇಲೆ, ತಮೊತ್ಸು ಮಲಗುವ ಜಾಗಕ್ಕೆ ಸರಿಯಾಗಿ ಮೇಲ್ಗಡೆ ಹಲಗೆಯಲ್ಲಿ ತೇವದ ಕಲೆ ಮೂಡಿತು. ಮಳೆ ಬಂದರೆ ಅವನ ದಿಂಬಿನ ಪಕ್ಕ ತಟಕ್ ತಟಕ್. ಊರಿನ ಹೆಂಚಿನವರೆಲ್ಲ ವಸಂತದವರೆಗೆ ಪುರುಸೊತ್ತಿಲ್ಲ ಅಂದರು. ಅಂಥ ಹೊತ್ತಿಗೇ ದ್ವೀಪಕ್ಕೆ ಹಾಕಿದ ಸೇತುವೆಯಾಚೆಯಿಂದ ಬಿಳಿ ವ್ಯಾನಿನಲ್ಲಿ ಬಂದವನು ಒಗಿನೊ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಕೆಲಸದ ಬಟ್ಟೆ. ಕೆಲಸ ಮಾಡುವವನ ಬಟ್ಟೆಗೆ ಇಸ್ತ್ರಿ ಎಲ್ಲಿಂದ ಬಂತು ಅಂತ ಆಗಲೇ ಕೇಳಬೇಕಿತ್ತು.

"ಅಮ್ಮಾ, ನಿಮ್ಮನೆ ಹೆಂಚು ಜರುಗಿರೋದು ರಸ್ತೆಯಿಂದ್ಲೇ ಕಾಣ್ತಿದೆ. ಯಜಮಾನ್ರು ಇದ್ದಾರಾ?"

"ಇದ್ದಾರೆ. ಹಾಸಿಗೆ ಹಿಡಿದಿದ್ದಾರೆ. ನಂಗೆ ಹೇಳಿ."

"ಅಯ್ಯೋ, ನಿಮಗ್ಯಾಕೆ ಈ ತಲೆನೋವೆಲ್ಲ," ಅನ್ನುತ್ತಲೇ ಏಣಿ ಹಾಕಿದ. ಹತ್ತಿ ಇಳಿದು, ಫೋನಿನಲ್ಲಿ ಏನೇನೋ ಫೋಟೋ ತೋರಿಸಿದ. ಛಾವಣಿ ಪೂರ್ತಿ ಹೋಗಿದೆಯಂತೆ, ಹೆಂಚೆಲ್ಲ ಕಿತ್ತು ತಗಡು ಹೊದಿಸಬೇಕಂತೆ.

"ಹೆಂಚಿಗೆ ಏನೂ ಆಗಿಲ್ಲ," ಅಂದಳು ಮಸುಯೆ ಅಕ್ಕ. "ಬಡಗಣ ಕಡೆ ನೆತ್ತೀಲಿ ಗಾರೆ ಬಿಟ್ಕೊಂಡಿದೆ, ಮೂರಡಿ ಇರ್ಬೋದು. ನೀರು ಅಲ್ಲಿಂದ ಇಳೀತಿದೆ. ಅಷ್ಟು ಮಾಡ್ಕೊಡಿ, ಸಾಕು."

ಅವನು ಚಿಕ್ಕ ಮಕ್ಕಳನ್ನು ನೋಡಿ ನಗುವ ಹಾಗೆ ನಕ್ಕ. "ಯೂಟ್ಯೂಬಲ್ಲಿ ನೋಡಿದ್ರಾ ಅಜ್ಜಿ?"

ಅಮ್ಮ ಆಗಿದ್ದವಳು ಅರ್ಧ ಗಂಟೆಯಲ್ಲಿ ಅಜ್ಜಿಯಾಗಿದ್ದಳು.

"ಆ ಹೆಂಚು ತಿಕ್ಕಿದವಳು ನಾನು."

"ಪಾತ್ರೆ ತಿಕ್ಕೋ ಹಾಗಾ? ಬಿಡಿ ಅಜ್ಜಿ, ನಾನು ಯಜಮಾನ್ರ ಹತ್ರನೇ ಮಾತಾಡ್ತೀನಿ."

ಬೂಟು ಕಳಚಿ ಒಳಗೆ ನುಗ್ಗಿ, ಹಾಸಿಗೆಯ ಪಕ್ಕ ಮಂಡಿಯೂರಿ ಕೂತು, ತಮೊತ್ಸುಗೆ ತಲೆಬಾಗಿ ನಮಸ್ಕರಿಸಿ ಶುರು ಮಾಡಿಯೇಬಿಟ್ಟ. ಗಂಡನಿಗೆ ಏನೂ ತಿಳಿಯುವುದಿಲ್ಲ ಅಂತ ಅವಳು ಎರಡು ಸಲ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ನೋಡಿ, ಎಷ್ಟು ಚೆನ್ನಾಗಿ ಹೂಂ ಅಂತಿದ್ದಾರೆ!" ಅಂದ.

ಅಷ್ಟರಲ್ಲಿ ಗಡಿಯಾರ ಮೂರು ಹೊಡೆಯಿತು. ಇಲ್ಲಿ ಅವಳು ಒಂದು ತಪ್ಪು ಮಾಡಿದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ನಮ್ಮೂರಿನ ಯಾವ ಹೆಂಗಸಾದರೂ ಮಾಡುತ್ತಿದ್ದಳು. ನಮ್ಮ ಏಣಿ ಹತ್ತಿ ಇಳಿದವನು ಶತ್ರುವೇ ಆಗಿರಲಿ, ಮೂರು ಗಂಟೆಗೆ ಬರಿಗಂಟಲಲ್ಲಿ ಕೂರಿಸುವುದುಂಟೇ? ಅವಳು ನೀರು ಕಾಯಿಸಲು ಅಡುಗೆಮನೆಗೆ ಹೋದಳು. ಚಹಾ ತಂದಾಗ ಅವನು ಬ್ಯಾಗು ಮುಚ್ಚುತ್ತಿದ್ದ. ಒಂದೇ ಗುಟುಕಿಗೆ ಕುಡಿದು ಹೊರಟ.

ಮಾರನೇ ದಿನ ಹಾಸಿಗೆ ಬದಲಿಸುವಾಗ ದಿಂಬಿನಡಿ ಕರಾರು ಪತ್ರ ಸಿಕ್ಕಿತು. ಇಡೀ ಛಾವಣಿ ಕಿತ್ತು ತಗಡು ಹಾಕಲು ಒಪ್ಪಿಗೆ, ಸೋಮವಾರ ಕೆಲಸ ಶುರು, ಕೆಳಗೆ ಸಹಿಯ ಬದಲು ಒತ್ತುವ ಮನೆಯ ಕೆಂಪು ಮುದ್ರೆ. ಅವಳು ಫೋನು ಮಾಡಿದರೆ ಒಗಿನೊಗೆ ಮುಚ್ಚಿಡಬೇಕು ಅಂತಲೂ ಅನಿಸಲಿಲ್ಲ. "ಮುದ್ರೆ ಈ ಡ್ರಾಯರಲ್ಲಿದೆಯಾ ಅಂದೆ, ಯಜಮಾನ್ರು ಹೂಂ ಅಂದ್ರು. ತಗೊಳ್ಲಾ ಅಂದೆ, ಹೂಂ ಅಂದ್ರು. ಒತ್ಲಾ ಅಂದೆ, ಅದಕ್ಕೂ ಹೂಂ. ಮನೆ ಗಂಡಸು ಒಪ್ಪಿದ ಮೇಲೆ ನಿಮ್ದೇನ್ ಅಜ್ಜಿ ಮಧ್ಯದಲ್ಲಿ?"

ಎತ್ತು ಈಯ್ತು ಅಂದರೆ ಕೊಟ್ಟಿಗೇಲಿ ಕಟ್ಟು ಅನ್ನುವ ತಲೆಯೊಂದು ಒಪ್ಪಿಗೆಯಾಯಿತು. ಬೇಡ, ಬೇಡ ಅಂತ ನೆಟ್ಟಗೆ ಹೇಳಿದ ಹೆಂಗಸಿನ ಬಾಯಿ ಲೆಕ್ಕಕ್ಕೇ ಬರಲಿಲ್ಲ. ಕೇಳಿ ನನ್ನ ಮೈ ಉರಿದುಹೋಯಿತು.

"ಎಂಟು ದಿನದೊಳಗೆ ಬರೆದು ಕಳಿಸಿದ್ರೆ ಇಂಥ ಕರಾರು ರದ್ದಾಗುತ್ತಂತೆ ಅಕ್ಕ, ಇವತ್ತೇ ಅಂಚೆಗೆ ಹಾಕು," ಅಂದೆ.

"ಆಗ್ಲೇ ಹಾಕಿದೀನಿ. ಅದು ಅವ್ನ ಆಫೀಸಿಗೆ. ಅವ್ನ ಮುಖಕ್ಕೆ ಬೇರೆ ಇದೆ," ಅಂದಳು. ನನ್ನೆದುರೇ ಫೋನೆತ್ತಿ, ಬೆಣ್ಣೆಯಂಥ ದನಿಯಲ್ಲಿ, "ಒಗಿನೊ ಅವ್ರೇ, ಶನಿವಾರ ಬೆಳಿಗ್ಗೆ ಬನ್ನಿ. ಯಜಮಾನ್ರು ನಿಮ್ಮ ಹತ್ರ ಮಾತಾಡ್ಬೇಕಂತೆ" ಅಂದಳು.

ಯಜಮಾನರು ಅಂದ ಕೂಡಲೇ ಬಂದ, ಮಿಠಾಯಿ ಡಬ್ಬ ಬೇರೆ ತಂದಿದ್ದ. ಒಳಗೆ ನಾನು ಮತ್ತು ನಮ್ಮ ಜೊತೆ ಹೆಂಚು ತಿಕ್ಕುತ್ತಿದ್ದ ಮೂವರು ಮುದುಕಿಯರು ಗೋಡೆಗೆ ಒರಗಿ ಕೂತಿದ್ದೆವು. ಗಂಟೆ ಹತ್ತಾಯಿತು. ಅವನ ಕಣ್ಣು ಅಡುಗೆಮನೆ ಕಡೆ ಎರಡು ಸಲ ಹೋಗಿ ಬಂತು. ಚಹಾ ಬರಲಿಲ್ಲ.

ಮಸುಯೆ ಅಕ್ಕ ಗಂಡನ ತಲೆ ಎತ್ತಿ ದಿಂಬಿಗೆ ಆನಿಸಿದಳು. "ಯಜಮಾನ್ರ ಮಾತೇ ಮಾತು ಅಂದ್ರಲ್ಲ ನೀವು. ಎಲ್ರ ಎದುರೇ ಕೇಳೋಣ. ರೀ, ಛಾವಣಿ ಕೀಳಿಸ್ಬೇಕಾ?"

ತಲೆ ಆಡಿತು. "ನೋಡಿದ್ರಾ!" ಅಂದ ಒಗಿನೊ.

"ಕೀಳಿಸೋದು ಬೇಡ್ವಾ?"

ಆಡಿತು.

"ಈ ಒಗಿನೊ ಒಳ್ಳೆಯವ್ರಾ?" ಆಡಿತು. "ಕಳ್ಳನಾ?" ಆಡಿತು. "ನೀವೇನು ಬಸುರೀನಾ?" ಅದಕ್ಕೂ ಗಂಭೀರವಾಗಿ ಆಡಿತು. ನಮ್ಮ ಮುದುಕಿಯರು ಬಾಯಿಗೆ ಕೈ ಅಡ್ಡ ಹಿಡಿದು ಬಿದ್ದು ಬಿದ್ದು ನಕ್ಕರು.

"ಇವ್ರನ್ನ ಗೂಡಿಗೆ ಹಾಕಿ ಸುಟ್ಬಿಡೋಣ್ವಾ?"

ಈ ಸಲ ತಲೆ ತುಸು ಜೋರಾಗಿಯೇ ಆಡಿದಂತೆ ನನಗೆ ಕಂಡಿತು. ಹಳೆಯ ಗೂಡಿನ ಮೇಸ್ತ್ರಿ ಅಲ್ಲವೇ ಅಂದುಕೊಂಡು ನಕ್ಕೆ.

"ಗಂಡಸಿನ ಹೂಂ ಬೇಕಿತ್ತಲ್ಲ ನಿಮಗೆ," ಅಂದಳು ಮಸುಯೆ ಅಕ್ಕ. "ತಗೊಳ್ಳಿ. ಹೊರುವಷ್ಟು ತಗೊಳ್ಳಿ."

ಒಗಿನೊನ ಕಿವಿ ಕೆಂಪಾಗಿತ್ತು. "ಕಾಯಿಲೆ ಮನುಷ್ಯನ್ನ ಹೀಗೆ ಆಟ ಆಡಿಸ್ತೀರಲ್ಲ, ನಾಚಿಕೆ ಆಗಲ್ವಾ?"

"ಮೊದ್ಲು ಆಡಿಸಿದೋರು ನೀವು. ನಾನು ಆಟ ಮುಗಿಸ್ತಿದೀನಿ."

ಅವನು ತನ್ನ ಬಳಿಯಿದ್ದ ಪತ್ರ ಹರಿದು ನೆಲಕ್ಕೆ ಹಾಕಿದ. ಬೂಟು ಹಾಕಿಕೊಳ್ಳುತ್ತಾ, "ಸೋರಿ ಸೋರಿ ಮನೆ ಕೊಳೀಲಿ, ಆಗ ಬುದ್ಧಿ ಬರುತ್ತೆ" ಅಂದ. ನಾನು ಮಿಠಾಯಿ ಡಬ್ಬ ಅವನ ವ್ಯಾನಿನ ಸೀಟಿನ ಮೇಲೆ ಎಸೆದು ಬಂದೆ. ಉಳಿದವರು ಪತ್ರದ ಚೂರು ಗುಡಿಸಿ ಮನೆಗೆ ಹೋದರು.

ಆವತ್ತು ಒಳ್ಳೆ ಬಿಸಿಲು. ಮಸುಯೆ ಅಕ್ಕ ಏಣಿ ತಂದು ಗೋಡೆಗೆ ಒರಗಿಸಿದಳು. ಬೇಡ ಅಂದರೆ ಕೇಳುವವಳಲ್ಲ. ಗಾರೆ ಕಲಸಿ ಬಕೆಟ್ಟಿನಲ್ಲಿ ಮೇಲೆ ಕೊಡುವ ಕೆಲಸ ನನಗೆ ಬಂತು. ಬಡಗಣ ಕಡೆಯ ನೆತ್ತಿಯಲ್ಲಿ ಅವಳು ಕೈಯಿಟ್ಟರೆ ಹಳೆಯ ಗಾರೆ ಹಿಟ್ಟು ಹಿಟ್ಟಾಗಿ ಉದುರಿತು. ಅಳತೆ ಮೂರಡಿಯೂ ಇರಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಅವಳು ಬೆರಳು ಮಾಡಿ ತೋರಿಸಿದ ಅದೇ ಜಾಗ. ಹಳೆಯದನ್ನೆಲ್ಲ ಕೆರೆದು, ಹೊಸದನ್ನು ತುಂಬಿ, ಆ ಚಪ್ಪಟೆ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನುಣುಪು ಮಾಡಿ ಇಳಿದಳು. ಮುಖ ಅರಳಿತ್ತು.

ಕೈಯ ಸುಣ್ಣ ಕೂಡ ತೊಳೆಯದೆ ನೇರವಾಗಿ ಗಂಡನ ಹಾಸಿಗೆಯ ಬಳಿ ಹೋದಳು. ನಾನು ಹಿಂದೆಯೇ ಇದ್ದೆ.

"ರೀ, ಈ ಮನೆ ಕಟ್ಟುವಾಗ ಆ ಗಾರೆ ಹಿಡಿಯಲ್ಲ ಅಂದಿದ್ದೆ ನಾನು. ನಾನು ಹೇಳಿದ್ದು ಸರಿ ಇತ್ತಲ್ವಾ?"

ತಲೆ ಆಡಲಿಲ್ಲ.

ಕೇಳಿಸಲಿಲ್ಲವೇನೋ ಅಂತ ಅವಳು ಬಗ್ಗಿ, ಕಿವಿಯ ಹತ್ತಿರ ಇನ್ನೊಮ್ಮೆ ಕೇಳಿದಳು. "ನಾನು ಹೇಳಿದ್ದು ಸರಿ ಇತ್ತಲ್ವಾ?"

ಎರಡು ವರ್ಷದಲ್ಲಿ ಒಮ್ಮೆಯೂ ನಿಲ್ಲದ ಕತ್ತು ಕಲ್ಲಿನ ಹಾಗೆ ನಿಂತಿತ್ತು. ತಮೊತ್ಸು ಅವಳನ್ನು ದಿಟ್ಟಿಸಿ ನೋಡಿದ. ಆ ನೋಟ ನಾನು ಕಾರ್ಖಾನೆಯಲ್ಲಿ ಸಾವಿರ ಸಲ ಕಂಡದ್ದು. ಆಮೇಲೆ ಮುಖವನ್ನು ಮೆಲ್ಲಗೆ ಗೋಡೆ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡ.

ಹಾಗಾದರೆ ಇಷ್ಟು ದಿನವೂ ಎಲ್ಲ ತಿಳಿಯುತ್ತಿತ್ತು. ಒಗಿನೊ ಮುದ್ರೆ ಒತ್ತಲಾ ಅಂದಾಗಲೂ ತಿಳಿದಿತ್ತು. ಹೆಂಡತಿ ಬೇಡ ಅಂದದ್ದೂ ತಿಳಿದಿತ್ತು.

ಮಸುಯೆ ಅಕ್ಕ ಕೈಗಂಟಿದ ಸುಣ್ಣ ಉಜ್ಜಿ ಉದುರಿಸಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಖಾಲಿ ಮನೆಗೆ ಅನ್ನ ತಿನ್ನಿಸ್ತಿದೀನಿ ಅಂದ್ಕೊಂಡಿದ್ದೆ ಕಣೇ ಚಿಜುರು," ಅಂದಳು. "ಯಜಮಾನ ಒಳಗೇ ಇದಾನೆ."

ಗಡಿಯಾರ ಮೂರು ಹೊಡೆಯಿತು. ದಿನಾ ಈ ಹೊತ್ತಿಗೆ ಅವನಿಗೆ ಚಮಚದಲ್ಲಿ ಚಹಾ ಕುಡಿಸುತ್ತಾಳೆ. ಅವಳು ಅಡುಗೆಮನೆಗೆ ಹೋಗಿ ನೀರು ಕಾಯಿಸಿ ಬಂದು, ನನ್ನ ಮುಂದೊಂದು, ತನ್ನ ಮುಂದೊಂದು ಲೋಟ ಇಟ್ಟಳು.

"ಕುಡಿ," ಅಂದಳು. "ಛಾವಣಿ ಕೆಲಸ ಮಾಡಿದೋರು ನಾವಿಬ್ರೇ."