ಮಾವಿನ ಬುಡಕ್ಕೆ ಒಂದು ಪೆಟ್ಟು

"ಮಾಸ್ಟ್ರೇ, ನನ್ನ ಕೊಡಲಿ ನಿಮ್ಮಲ್ಲಿ ಉಂಟಂತೆ. ಬಿಡಿಸಿಕೊಂಡು ಹೋಗುದಕ್ಕೆ ಬಂದೆ."

ಕಳೆದ ಬುಧವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ನಿಂತು ಹೀಗೆ ಹೇಳಿದವರು ದೇರಣ್ಣ ಗೌಡರು. ಎಂಬತ್ತು ದಾಟಿದ ಮನುಷ್ಯ. ಕಾಣಿಯೂರಿನ ಆಚೆಯಿಂದ ಒಬ್ಬರೇ ಬಸ್ಸು ಹತ್ತಿ ಬೆಳ್ಳಾರೆಗೆ ಬಂದಿದ್ದರು. ಬಿಳಿ ಪಂಚೆ, ತೋಳಿನ ಬನಿಯನ್, ಹೆಗಲಿಗೆ ಟವೆಲಿನಂಥ ಬೈರಾಸು. ಜೈಲಿನ ಬಾಗಿಲಲ್ಲಿ ಮಗನಿಗಾಗಿ ಕಾಯುವವರಂತೆ ನಿಂತಿದ್ದರು.

ನಾನು ವ್ಯಾಯಾಮ ಮುಗಿಸಿ, ಸ್ನಾನ ಮುಗಿಸಿ, ಪೇಪರ್ ಹಿಡಿದು ಕೂತಿದ್ದೆ. (ಇದೇ ಕ್ರಮದಲ್ಲಿ. ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದವನು ನಾನು. ಪೇಪರ್ ಮೊದಲು, ಸ್ನಾನ ಆಮೇಲೆ ಎಂದಾದರೆ ಇಡೀ ದಿನ ತಲೆ ಸರಿ ಇರುವುದಿಲ್ಲ.)

ನನ್ನ ಕೊಡಲಿ ಹುಚ್ಚು ಈ ಅಂಕಣ ಓದುವವರಿಗೆ ಹೊಸದಲ್ಲ. ರಿಟೈರ್ ಆದ ಮೇಲೆ ಕೆಲವರು ಸ್ಟಾಂಪ್ ಕೂಡಿಸುತ್ತಾರೆ, ಕೆಲವರು ಕಾಯಿಲೆ ಕೂಡಿಸುತ್ತಾರೆ. ನಾನು ಸಣ್ಣ ಕೊಡಲಿ ಕೂಡಿಸಿದೆ. ಸೌದೆ ಸೀಳುವುದು, ಬೇಲಿಗೂಟ ಚೂಪು ಮಾಡುವುದು, ಬಡಗಿಯದು, ಹಿಡಿಯುವ ಕಾವು ಗಿಡ್ಡ ಇರುವುದು, ಉದ್ದ ಇರುವುದು. ಚಾವಡಿಯ ಒಂದು ಗೋಡೆ ಪೂರ್ತಿ ಅವುಗಳದ್ದೇ. ಎತ್ತರದ ಪ್ರಕಾರ ಸಾಲಾಗಿ ನಿಂತಿವೆ, ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ. ಶನಿವಾರ ಎಣ್ಣೆ ಒರೆಸುವ ದಿನ. ಹೊಸದಾಗಿ ಬಂದದ್ದಕ್ಕೆ ತುಕ್ಕು ತೆಗೆದು, ಕಾವಿಗೆ ವಾರ್ನಿಷ್ ಬಳಿದು, ಬಾಯಿಯನ್ನು ಅರದಿಂದ ಉಜ್ಜಿ ಮೊಂಡು ಮಾಡುತ್ತೇನೆ. ಬಂದ ನೆಂಟರು ಮುಟ್ಟದೆ ಬಿಡುತ್ತಾರೆಯೇ? ಯಾರಿಗೂ ಗಾಯ ಆಗಬಾರದು. ಅದು ನಿಯಮ.

ದೇರಣ್ಣ ಗೌಡರ ಕೊಡಲಿ ನನ್ನಲ್ಲಿ ಇದ್ದದ್ದು ನಿಜ. ಮಳೆಗಾಲ ಕಳೆದ ಮೇಲೆ ಅವರ ಮಗ ಕುಶಾಲಪ್ಪ ಗೋಣಿಯಲ್ಲಿ ಸುತ್ತಿ ತಂದುಕೊಟ್ಟಿದ್ದ. ನನ್ನ ಹಳೆಯ ವಿದ್ಯಾರ್ಥಿ. ತುಂಬ ಮೆದುವಾಗಿ ಮಾತಾಡಿದ್ದ.

"ಅಪ್ಪನ ಕೈ ನಡುಗ್ತದೆ ಸರ್. ಮೊನ್ನೆ ಸೌದೆ ಒಡೆಯುವಾಗ ಜಾರಿ ಪಾದಕ್ಕೇ ಬಿತ್ತು. ಪುತ್ತೂರಿಗೆ ಹೋಗಿ ಹೊಲಿಗೆ ಹಾಕಿಸಿದ್ದು. ಅಟ್ಟದಲ್ಲಿ ಅಡಗಿಸಿಟ್ರೆ ಹುಡುಕ್ತಾರೆ. ನಿಮ್ಮಲ್ಲಿ ಇರ್ಲಿ. ಅವರೇ ಬಂದು ಕೇಳಿದ್ರೂ ಕೊಡ್ಬೇಡಿ."

ಸರಿ ಎಂದಿದ್ದೆ. ಆ ವಾರವೇ ವಾರ್ನಿಷ್ ಬಳಿದಿದ್ದೆ.

ಈಗ ಅವರೇ ಬಂದಿದ್ದರು.

"ಎಂತಕ್ಕೆ ಗೌಡ್ರೇ, ಇಷ್ಟು ಅರ್ಜೆಂಟಾಗಿ?" ಎಂದು ಕೇಳಿದೆ.

"ಬೆಳ್ಯಪ್ಪ ಹೋದ" ಎಂದರು. "ಬೆಳಿಗ್ಗೆ ಫೋನ್ ಬಂತು. ಕುಶಾಲ ಬೈಕಲ್ಲಿ ಆಗ್ಲೇ ಹೋಗಿಯಾಯ್ತು. ನಾನು ಕೊಡಲಿ ಇಲ್ಲದೆ ಹೇಗೆ ಹೋಗುದು ಹೇಳಿ?"

ಊರ ಹೊರಗಿನ ಓದುಗರಿಗೆ ಒಂದು ಮಾತು. ನಮ್ಮ ಕಡೆ ಸಾವಾದ ಮನೆಯಲ್ಲಿ ಚಿತೆಗೆಂದು ಮಾವಿನ ಮರ ಕಡಿಯುತ್ತಾರೆ. ಸುದ್ದಿ ಸಿಕ್ಕಿದ ಕೂಡಲೇ ನೆರೆಕರೆಯವರು ತಮ್ಮ ತಮ್ಮ ಕೊಡಲಿ ಹಿಡಿದು ಬರುತ್ತಿದ್ದರು. ಕರೆಯುವ ಕ್ರಮ ಇಲ್ಲ. ಬಂದವರು ದುಃಖದ ಮಾತನ್ನೂ ಹೆಚ್ಚು ಆಡುತ್ತಿರಲಿಲ್ಲ. ಮರಕ್ಕೆ ಪೆಟ್ಟು ಹಾಕುವುದೇ ಅವರ ಮಾತು.

ದೇರಣ್ಣ ಗೌಡರೂ ಬೆಳ್ಯಪ್ಪ ಗೌಡರೂ ಚಿಕ್ಕಂದಿನಿಂದ ಜೊತೆ. ಯಾರು ಮೊದಲು ಹೋಗುತ್ತಾರೋ, ಅವರ ಮರಕ್ಕೆ ಇನ್ನೊಬ್ಬರದ್ದು ಮೊದಲ ಪೆಟ್ಟು ಎಂದು ಅವರೊಳಗೆ ಮಾತಾಗಿತ್ತಂತೆ.

ಅವರನ್ನು ಒಳಗೆ ಕರೆದು ಗೋಡೆಯ ಮುಂದೆ ನಿಲ್ಲಿಸಿದೆ. "ನಿಮ್ಮದು ಇದರಲ್ಲಿ ಉಂಟು" ಎಂದೆ. ನೋಡಿದ ಕೂಡಲೇ ಕೈಹಾಕಿ ತೆಗೆಯುತ್ತಾರೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಕನ್ನಡಕ ಪಂಚೆಯ ತುದಿಯಲ್ಲಿ ಒರೆಸಿ ಪುನಃ ನೋಡಿದರು. ಆಯುಷ್ಯವಿಡೀ ಹಿಡಿದ ಕೊಡಲಿ ಅವರಿಗೆ ಗುರುತು ಸಿಗಲಿಲ್ಲ.

ನಾನೇ ತೆಗೆದು ಕೊಟ್ಟೆ.

"ಇದಾ?" ಎಂದರು. ನಂಬಿಕೆ ಬರಲಿಲ್ಲ. ಕಾವನ್ನು ಹಿಡಿದು ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿದರು. ಒಂದು ಕಡೆ ಬೆರಳು ನಿಂತಿತು. ಹಿಡಿದು ಹಿಡಿದು ಅಲ್ಲಿ ಸಣ್ಣ ಕುಳಿ ಬಿದ್ದಿತ್ತು. ಅದನ್ನು ನನ್ನ ವಾರ್ನಿಷ್ ಮುಚ್ಚಿರಲಿಲ್ಲ.

"ಹೌದು, ಇದೇ. ಚಂದ ಮಾಡಿದ್ದೀರಿ ಮಾಸ್ಟ್ರೇ. ಹೆಣಕ್ಕೆ ಮೀಯಿಸಿ ಹೊಸ ಬಟ್ಟೆ ಉಡಿಸುದಿಲ್ವಾ, ಹಾಗೆ."

ಕುಶಾಲಪ್ಪನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಪುನಃ ಮಾಡಿದೆ. ಸಾವಿನ ಮನೆಯಲ್ಲಿ ಫೋನ್ ಎತ್ತುವವರು ಯಾರು? ನಾನು ಕೊಟ್ಟ ಮಾತು ಮೀರುವವನಲ್ಲ. ಅಂಗಳಕ್ಕೂ ಚಾವಡಿಗೂ ನಡೆದೆ.

ಒಳಗಿನಿಂದ ಹೆಂಡತಿ ಕೇಳಿದಳು. "ನೀವು ಮಾತು ಕೊಟ್ಟದ್ದು ಮಗನಿಗೆ. ಕೊಡಲಿ ಯಾರದ್ದು?"

(ಅವಳು ಯಾವ ಶಾಲೆಯಲ್ಲೂ ಡ್ರಿಲ್ ಮಾಡಿಸಿದವಳಲ್ಲ. ಆದರೂ ಅವಳ ಒಂದು ಮಾತಿಗೆ ನಾನು ಅಟೆನ್ಶನ್‌ನಲ್ಲಿ ನಿಲ್ಲುವುದುಂಟು.)

ನಾನೂ ಜೊತೆಗೆ ಹೋಗುವುದು ಎಂದು ತೀರ್ಮಾನ ಮಾಡಿದೆ. ಸ್ಕೂಟರ್ ತೆಗೆಯಲು ಹೊರಟರೆ ಅದಕ್ಕೂ ಅವಳ ತಡೆ. "ಸ್ಕೂಟರ್ ಬೇಡ. ರಿಕ್ಷಾ ಮಾಡಿ." ಈಚೆಗೆ ನನ್ನ ಸ್ಕೂಟರಿನ ವಿಷಯದಲ್ಲಿ ಮನೆಯವರಿಗೆಲ್ಲ ಒಂದೇ ಅಭಿಪ್ರಾಯ. ತಿರುವಿನಲ್ಲಿ ಒಮ್ಮೆ ಚರಂಡಿಗೆ ಇಳಿಸಿದ್ದೆ ಅಷ್ಟೆ. ತಪ್ಪು ಎದುರಿನ ಜೀಪಿನದ್ದು.

ರಿಕ್ಷಾದವನು ಕೊಡಲಿ ಕಂಡು ಹಿಂದಕ್ಕೆ ತಿರುಗಿದ. "ಅಜ್ಜ, ಅದನ್ನು ಕಾಲಡಿ ಇಡಿ ಮಾರಾಯ್ರೆ. ಪೊಲೀಸರು ಕಂಡ್ರೆ ನನ್ನನ್ನೂ ಸೇರಿಸಿ ಹಿಡಿದಾರು."

ಅಜ್ಜ ಕಾಲಡಿ ಇಡಲಿಲ್ಲ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ದಾರಿಯುದ್ದಕ್ಕೂ ಬೆಳ್ಯಪ್ಪನ ಕಥೆ ಹೇಳಿದರು.

"ಅವನಿಗೆ ಕೊಡಲಿ ಹಿಡಿಲಿಕ್ಕೇ ಬರುದಿಲ್ಲ ಮಾಸ್ಟ್ರೇ. ನಾನು ಹೇಳ್ತಿದ್ದೆ, ನೋಡು ಬೆಳ್ಯಪ್ಪ, ನೀನು ಮೊದ್ಲು ಸಾಯಿ. ನಾನು ಮೊದ್ಲು ಸತ್ರೆ ನೀನು ಮರ ಕಡಿದು ಮುಗಿಸುವಷ್ಟರಲ್ಲಿ ನನಗೆ ಹಸಿವಾಗಿ ಎದ್ದು ಕೂತೇನು ಅಂತ."

ರಿಕ್ಷಾದವನು ನಕ್ಕ. ನಾನೂ ನಕ್ಕೆ. ದೇರಣ್ಣ ಗೌಡರೂ ನಗುತ್ತಾ ಕೊಡಲಿಯ ಬಾಯಿಗೆ ಬೆರಳು ತಾಗಿಸಿದರು. ನಗು ಅಲ್ಲಿಗೇ ನಿಂತಿತು. ಇನ್ನೊಮ್ಮೆ ತಾಗಿಸಿ ನೋಡಿದರು.

"ಮಸೆಯಲಿಕ್ಕೆ ಬೆಳ್ಳಾರೆಯ ಮಾಸ್ಟ್ರಲ್ಲಿ ಕೊಟ್ಟಿದ್ದೇನೆ ಅಂತ ಕುಶಾಲ ಹೇಳಿದ್ದ" ಎಂದರು.

ನಾನು ರಸ್ತೆ ನೋಡಿದೆ. ಮಗ ಸುಳ್ಳು ಹೇಳಿದ್ದು ಅವರಿಗೆ ಗೊತ್ತಾಯಿತು. ಆ ಸುಳ್ಳಿಗೆ ನಾನು ಅರ ಹಿಡಿದದ್ದೂ ಗೊತ್ತಾಯಿತು. ಅವರು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ.

"ಇರ್ಲಿ. ಒಂದು ಪೆಟ್ಟಿಗೆ ಸಾಕು."

ಬೆಳ್ಯಪ್ಪ ಗೌಡರ ಮನೆಯ ದಾರಿಗೆ ತಿರುಗುವಾಗ ಮೆಷಿನ್ ಶಬ್ದ ಕೇಳಿತು. ಮರ ಕೊಯ್ಯುವ ಮೆಷಿನ್. ಹತ್ತಿರ ಹೋದಂತೆ ಜೋರಾಯಿತು. ಆಮೇಲೆ ಏನೋ ದೊಡ್ಡದು ನೆಲಕ್ಕೆ ಬಿದ್ದ ಸದ್ದು. ಮೆಷಿನ್ ನಿಂತಿತು.

"ಆಯ್ತು" ಎಂದರು ದೇರಣ್ಣ ಗೌಡರು.

ಯಾರ ತಪ್ಪು? ಯಾರದ್ದೂ ಅಲ್ಲ. ಮೆಷಿನಿನವನಿಗೆ ಕಡಬದಲ್ಲಿ ಬೇರೆ ಕೆಲಸ ಇತ್ತು, ಬೇಗ ಮುಗಿಸಿದ. ಕೊಡಲಿ ಹಿಡಿದು ಬಂದವರು ಒಬ್ಬರೂ ಇರಲಿಲ್ಲ. ಬಂದವರೆಲ್ಲ ಅಂಗಳದಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಕೆಲವರು ಮೊಬೈಲ್ ನೋಡುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ಕೈಗೆ ಕೆಲಸ ಇಲ್ಲದವರು ಸಾವಿನ ಮನೆಯಲ್ಲಿ ಮತ್ತೇನು ಮಾಡಬೇಕು?

ಕುಶಾಲಪ್ಪ ನಮ್ಮನ್ನು ಕಂಡು ಓಡಿ ಬಂದ. ಅಪ್ಪನ ಕೈಯಲ್ಲಿದ್ದುದನ್ನು ನೋಡಿ ನನ್ನ ಕಡೆ ತಿರುಗಿದ. "ಸರ್, ನಾನು ನಿಮ್ಮಲ್ಲಿ ಹೇಳಿದ್ದೆಂತ?"

ಅಪ್ಪ ಅಷ್ಟರಲ್ಲಿ ಅವನನ್ನು ದಾಟಿ ಹೋಗಿದ್ದರು. ಬೆಳ್ಯಪ್ಪ ಗೌಡರನ್ನು ಮಲಗಿಸಿದ್ದ ಕಡೆಗೆ ಹೋಗಲಿಲ್ಲ. ನೇರ ಮಾವಿನ ಬುಡಕ್ಕೆ ಹೋದರು. ಮರ ಆಗಲೇ ತುಂಡಾಗಿ ಬಿದ್ದಿತ್ತು. ಉಳಿದದ್ದು ಮೊಣಕಾಲೆತ್ತರದ ಬುಡ ಮಾತ್ರ. ಅದರ ಅಂಚಿನಲ್ಲಿ ಸೊನೆ ಇಳಿಯುತ್ತಿತ್ತು.

ಬೈರಾಸನ್ನು ಸೊಂಟಕ್ಕೆ ಬಿಗಿದರು. ಚಪ್ಪಲಿ ಕಳಚಿದರು. ಹೊಲಿಗೆಯ ಕಲೆ ಪಾದದ ಮೇಲೆ ಇನ್ನೂ ಕೆಂಪಾಗಿತ್ತು. ಕೊಡಲಿ ಎತ್ತಿದರು. ಎತ್ತಿದ ಕೈ ನಡುಗಿತು. ಕುರ್ಚಿಯಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು.

"ಅಪ್ಪ, ಬೇಡ" ಎಂದ ಕುಶಾಲಪ್ಪ.

ಪೆಟ್ಟು ಬಿತ್ತು. ಬುಡದ ತೊಗಟೆಯಲ್ಲಿ ಒಂದು ಗೆರೆ ಎದ್ದಿತು ಅಷ್ಟೆ. ಮೊಂಡು ಬಾಯಿ ಜಾರಿ ಪಕ್ಕದ ಮಣ್ಣಿಗೆ ಹೋಯಿತು. ಹಸಿ ಮಾವಿನ ಮರಕ್ಕೆ ನಾಟುವಷ್ಟು ಹರಿತವನ್ನೂ ನಾನು ಅದರಲ್ಲಿ ಉಳಿಸಿರಲಿಲ್ಲ.

ದೇರಣ್ಣ ಗೌಡರು ಬಗ್ಗಿ ಆ ಗೆರೆಯನ್ನು ಮುಟ್ಟಿದರು.

"ಸಾಕು. ಬೆಳ್ಯಪ್ಪನಿಗೆ ಗೊತ್ತಾಗ್ತದೆ" ಎಂದರು. "ಕಡೆಗೆ ನನಗೂ ಕೊಡಲಿ ಹಿಡಿಲಿಕ್ಕೆ ಬರುದಿಲ್ಲ ಅಂತ ನಗಾಡಿಯಾನು."

ಕುಶಾಲಪ್ಪ ಕೈ ಚಾಚಿದ. ಅವರು ಅವನಿಗೆ ಕೊಡಲಿಲ್ಲ. ನಡೆದು ಬಂದು ನನ್ನ ಕೈಗೆ ಕೊಟ್ಟರು.

"ತಕೊಳ್ಳಿ ಮಾಸ್ಟ್ರೇ. ನಿಮ್ಮ ಗೋಡೆಗೇ ಹಾಕಿ. ಇದು ನಾನೇ ಕೊಟ್ಟದ್ದು. ಅವ ಕೊಟ್ಟದ್ದಲ್ಲ."

ಆಮೇಲೆ ಹೋಗಿ ಬೆಳ್ಯಪ್ಪನ ತಲೆಯ ಹತ್ತಿರ ಕೂತರು. ಕುಶಾಲಪ್ಪ ತುಂಬ ಹೊತ್ತು ಆ ಬುಡದ ಹತ್ತಿರವೇ ನಿಂತಿದ್ದ.

ಆ ದಿನ ನನಗೆ ಎರಡನೆಯ ಸ್ನಾನವಾಯಿತು. ಕ್ರಮವೆಲ್ಲ ತಪ್ಪಿತು. ಪೇಪರ್ ಓದಲೇ ಇಲ್ಲ.

ಶನಿವಾರ ಎಂದಿನಂತೆ ಎಣ್ಣೆಯ ಬಟ್ಟೆ ಹಿಡಿದು ಗೋಡೆಯ ಮುಂದೆ ಕೂತೆ. ಒಂದೊಂದೂ ಹೇಗೆ ಬಂತು ಎಂದು ನೆನಪು ಮಾಡಿಕೊಂಡೆ. ಇದನ್ನು ಒಬ್ಬರ ಮಗ ತಂದದ್ದು. ಇದನ್ನು ಇನ್ನೊಬ್ಬರ ಸೊಸೆ ತಂದದ್ದು. ಇದು ಮತ್ತೊಬ್ಬರ ಅಳಿಯನ ಕಾರಿನ ಡಿಕ್ಕಿಯಲ್ಲಿ ಬಂದದ್ದು. "ಮನೆಯಲ್ಲಿ ಸುಮ್ಮನೆ ಬಿದ್ದಿತ್ತು ಸರ್" ಎಂದೇ ಎಲ್ಲರೂ ಹೇಳಿದ್ದರು. ಎಲ್ಲರೂ ಮೆದುವಾಗಿಯೇ ಹೇಳಿದ್ದರು. ನಾನು ಥ್ಯಾಂಕ್ಸ್ ಹೇಳಿ ಮೊಳೆ ಹೊಡೆದಿದ್ದೆ. ಅದನ್ನು ಹಿಡಿಯುತ್ತಿದ್ದವರು ಆ ಹೊತ್ತಿಗೆ ಎಲ್ಲಿದ್ದರು, ಎಲ್ಲೆಲ್ಲಿ ಹುಡುಕುತ್ತಿದ್ದರು ಎಂದು ಒಬ್ಬರಲ್ಲಿಯೂ ಕೇಳಿರಲಿಲ್ಲ. ಹಿಡಿದವರೇ ಕೈಯಾರೆ ಕೊಟ್ಟದ್ದು ಇಡೀ ಗೋಡೆಯಲ್ಲಿ ಒಂದೇ, ದೇರಣ್ಣ ಗೌಡರದ್ದು.

ಅದರ ಬಾಯಿಗೆ ಹತ್ತಿದ ಮಾವಿನ ಸೊನೆ ಒಣಗಿ ಕಪ್ಪಾಗಿತ್ತು. ಒರೆಸಲಿಲ್ಲ. ಬಚ್ಚಲಿನ ಹಿಂದಿನಿಂದ ಮಸೆಗಲ್ಲು ಹುಡುಕಿ ತಂದೆ. ಕಲೆ ಹೋಗದ ಹಾಗೆ ಅಂಚನ್ನು ಮಾತ್ರ ಮಸೆದೆ. ನಿಯಮ ಮುರಿಯಿತು. ನೆಂಟರು ಜಾಗ್ರತೆಯಿಂದ ಇರಲಿ.

ಮಸೆಯುತ್ತಿದ್ದಾಗ ಪುತ್ತೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಮಗ ಬಂದು ಪಕ್ಕದಲ್ಲಿ ಕೂತ. ಹೀಗೆ ಕೂರುವವನಲ್ಲ ಅವನು. ತುಂಬ ಮೆದುವಾಗಿ ಕೇಳಿದ.

"ಅಪ್ಪ, ಸ್ಕೂಟರಿನ ಕೀ ನೀವು ಎಲ್ಲಿಡುದು?"

ಕೀ ನನ್ನ ಜೇಬಿನಲ್ಲೇ ಇತ್ತು. ಇನ್ನೂ ಇದೆ. ನೀವೇ ಹೇಳಿ, ನಾನಾಗಿಯೇ ಕೊಟ್ಟುಬಿಡಲೋ, ಅವನು ಅಡಗಿಸಿಡುವವರೆಗೆ ಕಾಯಲೋ?